ಯಾರೂ ಬೇಲಿ ಹಾಕದ ಜಾಗ

ಅಪ್ಪ ಕಂದಾಯ ಇಲಾಖೆಯಲ್ಲಿ ಭೂಮಾಪಕರಾಗಿದ್ದವರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಖಾಲಿ ಜಾಗ ಕಂಡರೆ ಅವರ ಕಣ್ಣು ಮೊದಲು ಹುಡುಕುವುದು ಬಾಂದುಕಲ್ಲನ್ನು. ಅಂಥವರನ್ನು ಅರಿಜೋನಾದ ಮರುಭೂಮಿಗೆ, ಅದೂ ಕಣ್ಣು ಹಾಯುವಷ್ಟು ದೂರ ಬೇಲಿಯೇ ಇಲ್ಲದ ಕಡೆಗೆ ಕರೆದುಕೊಂಡು ಹೋದರೆ ಏನಾಗಬೇಕೋ ಕಳೆದ ವಾರಾಂತ್ಯ ಅದೇ ಆಯಿತು. ಬೆಟ್ಟ, ಸೂರ್ಯಾಸ್ತ, ಆಳೆತ್ತರ ಮೀರಿದ ಸಗ್ವಾರೊ ಕಳ್ಳಿ, ಯಾವುದೂ ಅವರ ನೆತ್ತಿಗೇರಲಿಲ್ಲ. ಏರಿದ್ದು ಒಂದೇ ಪ್ರಶ್ನೆ: ಇದರ ಸರ್ವೆ ನಂಬರ್ ಎಷ್ಟು, ಪಹಣಿ ಯಾರ ಹೆಸರಿನಲ್ಲಿದೆ?

ಮೋಟರ್‌ಹೋಮ್ ಬಾಡಿಗೆಗೆ ತಂದದ್ದು ನನ್ನ ಗಂಡನ ಹುಚ್ಚು. ಇಡೀ ಚಳಿಗಾಲ ಅದರ ವಿಡಿಯೋಗಳನ್ನೇ ನೋಡಿದವರು ಅವರು. ಸೌರಫಲಕ ಎಷ್ಟು ವ್ಯಾಟ್, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದೆಲ್ಲ ಬಾಯಿಪಾಠ. ಅನ್ನಕ್ಕೆ ಎಷ್ಟು ನೀರು ಇಡಬೇಕೆಂದು ಮಾತ್ರ ಗೊತ್ತಿಲ್ಲ. ಫೀನಿಕ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರ್ ಹೋದರೆ ಕ್ವಾರ್ಟ್ಸ್‌ಸೈಟ್ ಎಂಬ ಪುಟ್ಟ ಊರು. ಬೇಸಿಗೆಯಲ್ಲಿ ಅಲ್ಲಿ ನಾಯಿಯೂ ಹೊರಗೆ ಬರುವುದಿಲ್ಲ. ಚಳಿಗಾಲ ಬಂತೆಂದರೆ ಉತ್ತರದ ಹಿಮದ ರಾಜ್ಯಗಳಿಂದ ನಿವೃತ್ತರೆಲ್ಲ ಮನೆಯನ್ನೇ ಗಾಲಿಗಳ ಮೇಲೆ ಎಳೆದುಕೊಂಡು ಬಂದು ಊರಿನ ಸುತ್ತ ಬೀಡುಬಿಡುತ್ತಾರೆ. ಶುಲ್ಕ ಕಟ್ಟಿದರೆ ಕೆಲವು ಗೊತ್ತಾದ ಜಾಗಗಳಲ್ಲಿ ಸೆಪ್ಟೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೂ ಇರಬಹುದು. ಉಳಿದ ಕಡೆ ಬಿಟ್ಟಿಯಾಗಿ ಹದಿನಾಲ್ಕು ದಿನ. ನಾವು ನಿಂತದ್ದು ಬಿಟ್ಟಿ ಜಾಗದಲ್ಲಿ.

ನೆಲವೇ ಒಂದು ಸೋಜಿಗ. ಮಣ್ಣೆಲ್ಲ ಗಾಳಿಗೆ, ಮಳೆಗೆ ಸರಿದು, ಸಣ್ಣ ಸಣ್ಣ ಕಲ್ಲುಗಳು ಯಾರೋ ಅಂಗಳಕ್ಕೆ ಹಾಸಿದ ಹಾಗೆ ಒಂದಕ್ಕೊಂದು ಕೂಡಿಕೊಂಡಿವೆ. ಮೇಲ್ಮೈಗೆ ಕಪ್ಪು ಮೆರುಗು. ಒಂದನ್ನು ಎತ್ತಿ ತಿರುಗಿಸಿದರೆ ಅಡಿಭಾಗ ಇಟ್ಟಿಗೆ ಬಣ್ಣ. ಎತ್ತಿದ ಕಲ್ಲನ್ನು ಅಪ್ಪ ಅದೇ ಕುಳಿಯಲ್ಲಿ ಅದೇ ಮಗ್ಗುಲಾಗಿ ಇಟ್ಟರು. ಕಲ್ಲು ಸರಿಸಬಾರದೆಂಬ ಇಲಾಖೆಯ ಶಿಸ್ತು ಕೈಗೆ ಅಂಟಿಕೊಂಡುಬಿಟ್ಟಿದೆ.

ನಮ್ಮಿಂದ ಕೂಗಳತೆಯಲ್ಲಿ ಒಬ್ಬ ಮುದುಕರು ಒಂಟಿಯಾಗಿ ನಿಂತಿದ್ದರು. ಮಿನ್ನೆಸೋಟಾದವರು, ಲಾರಿ ಓಡಿಸಿ ನಿವೃತ್ತರಾದವರು. ಮಾತು ಶುರುವಾದರೆ ನಿಲ್ಲುವುದಿಲ್ಲ. ಅವರ ಗಾಡಿಯ ಹಿಂಬದಿಗೆ ಅಂಟಿಸಿದ್ದ ಘೋಷಣೆಗಳನ್ನು ಓದಿದ ಮೇಲೆ, ನನ್ನಂಥವರು ಈ ದೇಶದಲ್ಲಿರುವುದು ಅವರಿಗೆ ಅಷ್ಟೇನೂ ಸಮ್ಮತವಿರಲಾರದು ಎಂದುಕೊಂಡೆ. ಆದರೆ ಹೆಸರು ಕೇಳುವ ಮೊದಲೇ ‘ನೀರು ಸಾಕಷ್ಟಿದೆಯೇ?’ ಎಂದು ಕೇಳಿದವರೂ ಅವರೇ. ಅಪ್ಪನಿಗೆ ಕುರ್ಚಿ ಹಾಕಿ ಕಾಫಿ ಕೊಟ್ಟರು. ಹಾಲಿಲ್ಲದ, ಸಕ್ಕರೆಯಿಲ್ಲದ ಆ ಕಷಾಯವನ್ನು ಅಪ್ಪ ಮರ್ಯಾದೆಗೆಂದು ಪೂರ್ತಿ ಕುಡಿದರು.

ಕುಡಿದಾದ ಮೇಲೆ ನನ್ನ ಕಡೆ ತಿರುಗಿ, ‘ಇಷ್ಟು ವರ್ಷವಾದರೂ ಇಲ್ಲಿಗೆ ಯಾರೂ ಏಕೆ ಬೇಲಿ ಹಾಕಿಲ್ಲ ಎಂದು ಕೇಳು’ ಎಂದರು.

ಕೇಳಿದೆ. ಮುದುಕರು ಸುತ್ತ ಒಮ್ಮೆ ನೋಡಿದರು. ‘ಯಾರಿಗೂ ಬೇಕಾಗಿರಲಿಲ್ಲ. ನೀರಿಲ್ಲವಲ್ಲ’ ಎಂದರು. ಆಮೇಲೆ ಲೋಟ ಕೆಳಗಿಟ್ಟು, ‘ಈಗ ಬೇಕಾಗಿದೆ’ ಎಂದು ಸೇರಿಸಿದರು.

ಐದು ಪದಗಳ ಉತ್ತರ. ಅಷ್ಟು ಮಾತಾಡುವ ಮನುಷ್ಯ ಅಲ್ಲಿಗೇ ನಿಲ್ಲಿಸಿದ್ದು ನನ್ನನ್ನು ಇನ್ನೂ ಕಾಡುತ್ತಿದೆ. ಸೋಮವಾರ ಕಚೇರಿಯ ಸಭೆಯಲ್ಲಿ ಕುಳಿತಾಗಲೂ ಅದೇ: ಬೇಕಾಗಿರಲಿಲ್ಲ, ಈಗ ಬೇಕಾಗಿದೆ.

ಅವರು ಹೇಳಿದ್ದರಲ್ಲಿ ಚರಿತ್ರೆಯೇ ಇದೆ. ಅಮೆರಿಕದ 1862ರ ಕಾಯ್ದೆ ಉತ್ತು ಬಿತ್ತುವವನಿಗೆ 160 ಎಕರೆ ಕೊಟ್ಟಿತು. 1877ರ ಇನ್ನೊಂದು ಕಾಯ್ದೆ, ಮರುಭೂಮಿಗೆ ನೀರು ಹಾಯಿಸುತ್ತೇನೆ ಎಂದವನಿಗೆ 640 ಎಕರೆಯವರೆಗೆ ಕೊಡಲು ಮುಂದಾಯಿತು. ಹೊಳೆ, ಊಟೆ, ಹುಲ್ಲು ಇದ್ದ ನೆಲವನ್ನೆಲ್ಲ ಜನ ಆಯ್ದುಕೊಂಡರು. ಯಾರೂ ಕೈ ಚಾಚದೆ ಉಳಿದದ್ದು ಸರ್ಕಾರದ ಬಳಿಯೇ ಬಿತ್ತು. ಇನ್ನು ಇದನ್ನು ಸಾಮಾನ್ಯವಾಗಿ ಸಾರ್ವಜನಿಕರದಾಗಿಯೇ ಇಟ್ಟುಕೊಳ್ಳಬೇಕೆಂದು ಕಾಯ್ದೆ ಮಾಡಿದ್ದು 1976ರಲ್ಲಿ. ಎಲ್ಲರೂ ಬಿಎಲ್‌ಎಂ ಎಂದು ಕರೆಯುವ ಭೂ ನಿರ್ವಹಣಾ ಬ್ಯೂರೋದ ಕೈಯಲ್ಲಿ ಇಂದು ಇಂಥ ಭೂಮಿ ಸುಮಾರು 24.5 ಕೋಟಿ ಎಕರೆ ಇದೆ, ಅಂದರೆ ಐದು ಕರ್ನಾಟಕ. ‘ಈಗ ಬೇಕಾಗಿದೆ’ ಎಂಬ ಮಾತಿಗೂ ಕಾರಣವಿದೆ. 2025ರ ಜೂನ್‌ನಲ್ಲಿ ಪಶ್ಚಿಮದ ರಾಜ್ಯಗಳ ಇಂಥ ಭೂಮಿಯಲ್ಲಿ ಲಕ್ಷಗಟ್ಟಲೆ ಎಕರೆ ಮಾರುವ ಪ್ರಸ್ತಾಪ ಸೆನೆಟ್‌ಗೆ ಬಂದಿತ್ತು. ಬೇಟೆಗಾರರು, ಚಾರಣಿಗರು, ಎರಡೂ ಪಕ್ಷದವರು ಕೂಗೆಬ್ಬಿಸಿದ ಮೇಲೆ ಅದನ್ನು ಹಿಂತೆಗೆದುಕೊಂಡರು. ಆ ಕೂಗಿನಲ್ಲಿ ನಮ್ಮ ಮುದುಕರದೂ ಒಂದು ದನಿ ಇತ್ತಂತೆ. ತಮ್ಮ ಸೆನೆಟರ್‌ಗೆ ಫೋನ್ ಮಾಡಿ ಬೈದಿದ್ದರಂತೆ. ಅಂಟಿಸಿದ ಘೋಷಣೆ ನೋಡಿ ಮನುಷ್ಯರನ್ನು ಅಳೆಯುವುದು ಎಷ್ಟು ಸುಲಭ.

ಅಪ್ಪ ಅಷ್ಟಕ್ಕೇ ಬಿಡುವವರಲ್ಲ. ‘ಮೂಲ ಹಕ್ಕುದಾರರು ಯಾರು, ಕೇಳು.’ ಮುದುಕರು ಉತ್ತರದ ಕಡೆ ಕೈ ತೋರಿಸಿದರು. ಅಲ್ಲಿ ಪಾರ್ಕರ್ ಎಂಬ ಊರಿದೆ. ಅದರ ಸುತ್ತ ಕೊಲೊರಾಡೋ ನದಿಯ ಬದಿಗೆ ಮೊಹಾವೆ, ಚೆಮೆಹ್ಯುವಿ ಮೊದಲಾದ ಮೂಲನಿವಾಸಿಗಳಿಗೆಂದು 1865ರಲ್ಲಿ ಗೊತ್ತುಮಾಡಿದ ಮೀಸಲು ಪ್ರದೇಶ. ‘ಅದನ್ನು ಅವರನ್ನು ಕೇಳಬೇಕು’ ಎಂದರು. ಅಪ್ಪ ತಲೆಯಾಡಿಸಿದರು. ತಕರಾರು ಇರುವ ಜಮೀನು ಎಂಬ ಷರಾ ಅವರ ಮನಸ್ಸಿನ ವಹಿಯಲ್ಲಿ ಬಿದ್ದಿರಬೇಕು.

ಮರುದಿನ ದಕ್ಷಿಣಕ್ಕೆ ಕೋಫಾ ವನ್ಯಜೀವಿ ಧಾಮಕ್ಕೆ ಹೋದೆವು. ಹೆದ್ದಾರಿ ಬಿಟ್ಟು ಸುಮಾರು ಏಳು ಮೈಲಿ ಕಚ್ಚಾ ದಾರಿ. ಡಬ್ಬಿ, ಪಾತ್ರೆಗಳೆಲ್ಲ ಒಳಗೆ ಕುಣಿದವು. ಪಾಮ್ ಕ್ಯಾನ್ಯನ್ ಚಾರಣ ಅರ್ಧ ಮೈಲಿಯಷ್ಟೇ, ಆದರೆ ಕಲ್ಲಿನ ಏರು. ಮೇಲೆ ಬಂಡೆಯ ಒಂದು ಕಡಿದಾದ ಸೀಳಿನಲ್ಲಿ ಅರಿಜೋನಾದಲ್ಲಿ ತಾನಾಗಿ ಬೆಳೆಯುವ ತಾಳೆಮರಗಳು ನಿಂತಿವೆ. ಒಣಗಿದ ಗರಿಗಳು ಉದುರದೆ ಕಾಂಡದ ಸುತ್ತ ಹಾಗೆಯೇ ಜೋತುಬಿದ್ದಿದ್ದವು. ಮಗ ಮೊಬೈಲ್ ಸಿಗ್ನಲ್ ಇಲ್ಲವೆಂದು ದಾರಿಯುದ್ದಕ್ಕೂ ರಾಗ ಎಳೆದ. ಡೊಂಕು ಕೊಂಬಿನ ಕಾಡುಕುರಿ ಕಾಣಬಹುದೆಂದು ಗಂಡ ದುರ್ಬೀನು ಹಿಡಿದೇ ನಡೆದರು, ಒಂದೂ ಕಾಣಲಿಲ್ಲ.

ಅಪ್ಪನಿಗೆ ಸಿಗಬೇಕಾದದ್ದು ಮಾತ್ರ ಸಿಕ್ಕಿತು, ಅದೂ ನಮ್ಮ ಬೀಡಿನ ಹಿಂದೆಯೇ. ಸಂಜೆ ತಂಬಿಗೆ ಹಿಡಿದು ಹೋದವರು ಕೂಗಿದ ಕೂಗಿಗೆ ಹಾವು ಎಂದುಕೊಂಡು ಓಡಿದೆ. ನೋಡಿದರೆ ಗೇಣುದ್ದ ಹೊರಚಾಚಿದ ಕಬ್ಬಿಣದ ಕೊಳವೆ, ಅದರ ತಲೆಗೆ ಅಂಗೈಯಗಲದ ಹಿತ್ತಾಳೆ ಬಿಲ್ಲೆ, ಪಕ್ಕದಲ್ಲಿ ಕಲ್ಲುಗುಡ್ಡೆ. ಅಪ್ಪ ಕುಕ್ಕರುಗಾಲಿನಲ್ಲಿ ಕುಳಿತು ಟವೆಲಿನ ತುದಿಯಿಂದ ಒರೆಸುತ್ತಿದ್ದರು. ಬಿಲ್ಲೆಯ ನಡುವೆ ಕೂಡುಗೆರೆ, ನಾಲ್ಕು ಮೂಲೆಗೆ ನಾಲ್ಕು ಅಂಕಿ. ಅಂಚಿನಲ್ಲಿ, ಕಿತ್ತರೆ 250 ಡಾಲರ್ ದಂಡ ಎಂಬ ಬರಹ. ‘ಬಾಂದು! ನಾಲ್ಕು ಜಮೀನು ಕೂಡುವ ಮೂಲೆ!’ ಅಮ್ಮ ತೀರಿಹೋದ ಮೇಲೆ ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನೋಡಿರಲಿಲ್ಲ.

ಇಲ್ಲಿನ ಅಳತೆಯನ್ನು ಅವರಿಗೆ ಓದಿ ಹೇಳಿದೆ. ನಮ್ಮ ಗ್ರಾಮನಕ್ಷೆಯ ಹಾಗೆ ಇಲ್ಲಿ ಆರು ಮೈಲಿ ಚೌಕದ ಒಂದೊಂದು ಘಟಕ. ಅದರೊಳಗೆ ಒಂದೊಂದು ಮೈಲಿಯ 36 ಚೌಕ, ಒಂದೊಂದಕ್ಕೂ 640 ಎಕರೆ. ಅಮೆರಿಕದ ಅಳತೆ ಸರಪಳಿ 66 ಅಡಿ. ‘ನಮ್ಮದು 33’ ಎಂದರು ಅಪ್ಪ. ‘ಒಂದು ಸರಪಳಿ ಚೌಕ ಮಾಡಿದರೆ ಒಂದು ಗುಂಟೆ. ಹಾಗಾದರೆ ಇವರ ಒಂದು ಚೌಕದಲ್ಲಿ 25,600 ಗುಂಟೆ.’ ಕಾಗದವಿಲ್ಲ, ಪೆನ್ನಿಲ್ಲ. ಅರಿಜೋನಾದ ಬಹುಪಾಲು ಅಳತೆ ಆರಂಭವಾಗುವ ಬಿಂದು ಫೀನಿಕ್ಸ್‌ನ ಹತ್ತಿರವೇ, ಗಿಲಾ ಮತ್ತು ಸಾಲ್ಟ್ ನದಿಗಳು ಕೂಡುವ ಕಡೆ ಒಂದು ಗುಡ್ಡದ ಮೇಲಿದೆ ಎಂದ ಕೂಡಲೇ, ಹಿಂತಿರುಗುವಾಗ ಅಲ್ಲಿಗೆ ಹೋಗಲೇಬೇಕೆಂದು ಹಟ ಹಿಡಿದರು.

ಆ ರಾತ್ರಿ ಊರಿನ ಗೋಮಾಳದ ಮಾತು ತೆಗೆದರು. ನೂರು ಜಾನುವಾರುಗಳಿಗೆ ಮೂವತ್ತು ಎಕರೆಯಂತೆ ಮೇವಿಗೆ ಬಿಡಬೇಕೆಂಬುದು ನಮ್ಮ ನಿಯಮ. ಇವರೇ ಅಳೆದು ಕಲ್ಲು ನೆಡಿಸಿದ ಗೋಮಾಳವನ್ನು ಇವರೇ ಮತ್ತೆ ಅಳೆಯಲು ಹೋದಾಗ ಕಲ್ಲುಗಳಿದ್ದವು, ಗೋಮಾಳವಿರಲಿಲ್ಲ. ಒಂದು ಕಡೆ ಬಗರ್ ಹುಕುಂ ಸಾಗುವಳಿಯ ರಾಗಿ, ಇನ್ನೊಂದು ಕಡೆ ಬಡಾವಣೆ. ರಾಗಿ ಬೆಳೆದವನ ಮೇಲೆ ಅಪ್ಪನಿಗೆ ಸಿಟ್ಟಿಲ್ಲ. ಭೂಮಿಯೇ ಇಲ್ಲದವನು ಇನ್ನೆಲ್ಲಿ ಬೆಳೆಯಬೇಕು ಎನ್ನುತ್ತಾರೆ. ಸಿಟ್ಟು ಬಡಾವಣೆಯವರ ಮೇಲೆ. ‘ಅಲ್ಲಿ ಕೆರೆ ಇತ್ತು, ಟಾರು ರಸ್ತೆ ಬಂತು, ಎಲ್ಲರಿಗೂ ಬೇಕಾಯಿತು’ ಎಂದರು. ಮುದುಕರ ಮಾತನ್ನೇ ಅವರು ಆಡುತ್ತಿದ್ದಾರೆಂದು ನನಗೆ ಹೊಳೆದದ್ದು ಮಲಗಿದ ಮೇಲೆ. ಬರಡಾಗಿರುವುದೇ ನೆಲಕ್ಕೆ ರಕ್ಷೆಯೇ? ಹಾಗಾದರೆ ಈ ಐದು ಕರ್ನಾಟಕ ಯಾರ ದೊಡ್ಡತನದಿಂದಲೂ ಉಳಿದದ್ದಲ್ಲ. ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ, ಅಲ್ಲಗಳೆಯಲೂ ಆಗಲಿಲ್ಲ. ಕೊನೆಗೆ ಅದನ್ನು ಕಾಯ್ದೆಯಾಗಿ ಬರೆದವರೂ ಇದ್ದರಲ್ಲ, ಫೋನ್ ಮಾಡಿ ಬೈದವರೂ ಇದ್ದರಲ್ಲ ಎಂದು ನನಗೆ ನಾನೇ ವಾದಿಸಿಕೊಂಡೆ.

ಹೊರಡುವ ಬೆಳಿಗ್ಗೆ ಮುದುಕರು ನನಗೆ, ‘ತೆರಿಗೆ ಕಟ್ಟುತ್ತೀಯಲ್ಲ, ಈ ಜಾಗ ನಿನ್ನದೂ ಹೌದು’ ಎಂದರು. ಗ್ರೀನ್ ಕಾರ್ಡ್ ಸಾಲಿನಲ್ಲಿ ಭಾರತೀಯರ ಸರದಿ ಎಂದು ಬರುತ್ತದೋ ದೇವರೇ ಬಲ್ಲ. ನನ್ನ ವೀಸಾಕ್ಕೆ ಮುಕ್ತಾಯದ ತಾರೀಖಿದೆ. ಅದನ್ನೆಲ್ಲ ಅವರಿಗೆ ಹೇಳಲಿಲ್ಲ. ಅಪ್ಪ ಮಾತ್ರ ಹದಿನಾಲ್ಕು ದಿನದ ನಿಯಮವನ್ನು ವಿವರವಾಗಿ ಕೇಳಿ ತಿಳಿದುಕೊಂಡರು: 28 ದಿನಗಳಲ್ಲಿ ಹದಿನಾಲ್ಕು ಮುಗಿದರೆ 25 ಮೈಲಿಯಾಚೆ ಹೋಗಬೇಕು. ‘ಭೇಷ್! ಹಾಗಾದರೆ ಇಲ್ಲಿ ಯಾರೂ ಅಕ್ರಮ ಸಕ್ರಮಕ್ಕೆ ಅರ್ಜಿ ಹಾಕುವಂತಿಲ್ಲ’ ಎಂದು ನಕ್ಕರು.

ನಿನ್ನೆ ರಾತ್ರಿ ಅವರು ಊರಿನ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿ ಅರ್ಧ ಗಂಟೆ ಇದನ್ನೆಲ್ಲ ಬಣ್ಣಿಸಿದರು: ಹಿತ್ತಾಳೆ ಬಿಲ್ಲೆ, 66 ಅಡಿಯ ಸರಪಳಿ, ನದಿ ಕೂಡುವ ಗುಡ್ಡ, ಬೇಲಿಯಿಲ್ಲದ ಬಯಲು. ಎಲ್ಲ ಕೇಳಿಸಿಕೊಂಡ ಆ ಪುಣ್ಯಾತ್ಮರು ಸ್ಪೀಕರಿನಲ್ಲಿ ಕೇಳಿದ ಮೊದಲ ಪ್ರಶ್ನೆ: ‘ಎಕರೆಗೆ ಎಷ್ಟು ನಡೆಯುತ್ತಿದೆಯಂತೆ?’