ತಾವೇ ಬರೆದದ್ದನ್ನು ಓದಲಾಗದ ಮೇಷ್ಟ್ರು

ಮೂರು ವರ್ಷ ಆಯಿತು. ಈಗಲೂ ಯಾರಾದರೂ ‘ಕನ್ನಡಕ ತಂದಿಲ್ಲ ಮೇಡಂ’ ಅಂದರೆ ಮನಸ್ಸು ಚುರುಕ್ ಅನ್ನುತ್ತದೆ.

ನಾನು ಸ್ಪೀಚ್ ಥೆರಪಿಸ್ಟ್. ಅವತ್ತು ನ್ಯೂರೋ ವಾರ್ಡಿನಿಂದ ರೆಫರಲ್ ಬಂದಿತ್ತು. ಸ್ಟ್ರೋಕ್ ಆಗಿ ನಾಲ್ಕನೇ ದಿನ, ನಿವೃತ್ತ ಮೇಷ್ಟ್ರು. ಮಾತು ಸರಾಗ. ನೇಮಿಂಗ್ (ತೋರಿಸಿದ ವಸ್ತುವಿನ ಹೆಸರು ಹೇಳುವುದು) ಸರಿ, ರಿಪಿಟಿಷನ್ (ಹೇಳಿದ್ದನ್ನು ಮತ್ತೆ ಹೇಳುವುದು) ಸರಿ. ಡಿಕ್ಟೇಷನ್ ಕೊಟ್ಟರೆ ಎರಡು ವಾಕ್ಯ ದುಂಡಗೆ ಬರೆದುಕೊಟ್ಟರು. ಓದುವ ಕಾರ್ಡ್ ಹಿಡಿದಾಗ ಮಾತ್ರ ಕನ್ನಡಕ ಮನೆಯಲ್ಲಿದೆ ಅಂದರು. ಇನ್ನೂ ಆರು ಬೆಡ್ ಬಾಕಿ ಇತ್ತು. ಬರೆಯೋಕೆ ಬರುವವರಿಗೆ ಓದೋಕೆ ಬರದೇ ಇರುತ್ತಾ ಅಂದುಕೊಂಡೆ. ‘ಭಾಷೆ ನಾರ್ಮಲ್’ ಎಂದು ಫೈಲಿನಲ್ಲಿ ಬರೆದುಬಿಟ್ಟೆ. ಓದಿಸಿ ನೋಡಿಲ್ಲ ಅಂತಲೂ ಬರೆಯಲಿಲ್ಲ.

ಎರಡು ದಿನ ಬಿಟ್ಟು ಡಿಸ್ಚಾರ್ಜ್. ಮಗಳು ಓಡಿಬಂದರು. “ಮೇಡಂ, ಅಪ್ಪ ಮಾತ್ರೆ ಚೀಟಿ ಓದ್ತಾ ಇಲ್ಲ. ಕನ್ನಡಕ ಹಾಕ್ಕೊಂಡೇ ಇದ್ದಾರೆ.”

ಅವರೇ ಬರೆದಿದ್ದ ಹಾಳೆಯನ್ನು ಫೈಲಿನಿಂದ ತೆಗೆದು ಕೈಗೆ ಕೊಟ್ಟೆ. ನೋಡಿದರು. ಹತ್ತಿರ ಹಿಡಿದರು, ದೂರ ಹಿಡಿದರು. “ಅಕ್ಷರ ನಂದೇ. ಏನು ಬರ್ದಿದೀನಿ ಅಂತ ಗೊತ್ತಾಗ್ತಿಲ್ಲ” ಅಂದರು. ಯಾರೂ ಮಾತಾಡಲಿಲ್ಲ. ಆಮೇಲೆ ಅವರ ತೋರುಬೆರಳು ಮೊದಲ ಅಕ್ಷರದ ಮೇಲೆ ನಿಧಾನವಾಗಿ ಸುತ್ತಿತು. “ಮ” ಅಂದರು. ಬೆರಳು ತಿದ್ದಿ ಗುರುತಿಸಿದ್ದನ್ನು ಕಣ್ಣು ಓದಲಾರದೆ ಹೋಗಿತ್ತು. ಚೀಟಿಯಲ್ಲಿದ್ದ 500 ಮಾತ್ರ ತಕ್ಷಣ ಓದಿದರು.

ಪ್ಯೂರ್ ಅಲೆಕ್ಸಿಯಾ: ಮಿದುಳಿಗೆ ಪೆಟ್ಟಾಗಿ ಓದು ಮಾತ್ರ ಹೋಗುತ್ತದೆ, ಬರವಣಿಗೆ ಉಳಿಯುತ್ತದೆ. 1892ರಲ್ಲೇ ಫ್ರಾನ್ಸಿನ ಡೆಜೆರಿನ್ ಎಂಬ ವೈದ್ಯರು ಇಂಥದ್ದೇ ಒಬ್ಬ ರೋಗಿಯ ಬಗ್ಗೆ ಬರೆದಿದ್ದರು. ನಾನು ಪರೀಕ್ಷೆಗೆ ಓದಿದ್ದೆ ಕೂಡ. ಮಿದುಳಿನ ಎಡಭಾಗದಲ್ಲಿ, ಹಿಂದೆ ಕೆಳಗೆ, ಅಕ್ಷರಗಳ ಗುಂಪನ್ನು ಪದ ಅಂತ ಗುರುತಿಸುವ ಒಂದು ಜಾಗ ಇದೆ. ಅದು ಹುಟ್ಟಿನಿಂದ ಬಂದದ್ದಲ್ಲ, ಓದು ಕಲಿಯುತ್ತಾ ಆ ಕೆಲಸಕ್ಕೆ ಪಳಗಿದ್ದು. ಇವರಿಗೆ ಮಿದುಳಿನ ಎಡಗಡೆಯಲ್ಲಿ ನೋಟದ ಭಾಗ ಹೋಗಿತ್ತು. ನಮ್ಮ ಬಲಗಡೆ ಇರುವುದನ್ನು ನೋಡುವುದು ಆ ಭಾಗವೇ. ಬಲಗಡೆಯ ಮಿದುಳು ನೋಡುತ್ತಿತ್ತು, ಆದರೆ ನೋಡಿದ್ದನ್ನು ಎಡಕ್ಕೆ ದಾಟಿಸುವ ಸೇತುವೆಯ ಹಿಂಭಾಗಕ್ಕೂ ಪೆಟ್ಟಾಗಿತ್ತು. ಬರೆಯುವಾಗ ಪದ ಒಳಗಿನಿಂದ ಕೈಗೆ ಇಳಿಯುತ್ತದೆ. ಅದಕ್ಕೆ ಆ ಸೇತುವೆ ಬೇಕಿಲ್ಲ.

ಎಲ್ಲ ಎಂಆರ್‌ಐ ರಿಪೋರ್ಟಿನಲ್ಲಿತ್ತು. ನಾನು ತೆರೆದಿರಲಿಲ್ಲ. ಮೊದಲ ದಿನವೇ ಅವರ ಬಲ ಭುಜ ಬಾಗಿಲಿಗೆ ತಗುಲಿದ್ದನ್ನೂ ಕಂಡಿದ್ದೆ. ಬಲಗಡೆಯ ನೋಟವೇ ಇಲ್ಲ ಅನ್ನುವುದು ಹೊಳೆಯಲಿಲ್ಲ.

ಕ್ಷಮೆ ಕೇಳಿದೆ. “ತಲೆ ಕೆಡ್ತಿದೆ ಅಂದ್ಕೊಂಡು ಎರಡು ರಾತ್ರಿ ನಿದ್ದೆ ಮಾಡಿಲ್ಲ. ಕನ್ನಡಕದ ನೆಪ ಹೇಳಿ ಮುಚ್ಚಿಟ್ಟಿದ್ದೆ” ಅಂದರು. ಆ ಎರಡು ರಾತ್ರಿಯನ್ನು ನಾನು ತಪ್ಪಿಸಬಹುದಿತ್ತು.

ನಮ್ಮ ಸ್ಕ್ರೀನಿಂಗ್ ಫಾರ್ಮಿನಲ್ಲಿ ಓದು, ಬರಹ ಎರಡಕ್ಕೂ ಸೇರಿ ಇವತ್ತಿಗೂ ಒಂದೇ ಚೌಕ. ಬೇರೆ ಮಾಡಿ ಅಂತ ಎರಡು ಸಲ ಬರೆದುಕೊಟ್ಟೆ, ಆಗಿಲ್ಲ. ನಾನು ಪೆನ್ನಿನಿಂದ ಅಡ್ಡ ಗೆರೆ ಎಳೆದು ಎರಡು ಮಾಡಿಕೊಳ್ಳುತ್ತೇನೆ. ಪೇಷೆಂಟ್ ಬರೆದ ಹಾಳೆಯನ್ನು ಹತ್ತು ನಿಮಿಷ ಬಿಟ್ಟು ಅವರ ಕೈಗೇ ಕೊಟ್ಟು ಓದಿಸುತ್ತೇನೆ. ಕನ್ನಡಕ ಇಲ್ಲ ಅಂದರೆ ದೊಡ್ಡ ಅಕ್ಷರದ ಕಾರ್ಡ್ ಇದೆ.