ಶಿರಾ ಸೀಮೆಯ ಮನೆಗೆ ಮಳೆನೀರು: ತೊಟ್ಟಿ ತುಂಬಿದ ಮೇಲಿನ ಪರೀಕ್ಷೆಗಳು

ಉತ್ತರೆ ಮಳೆಗೆ ತೊಟ್ಟಿಯಲ್ಲಿ ಸುಮಾರು 5,000 ಲೀಟರ್ ನೀರು ನಿಂತಿದ್ದರಿಂದ, ಅದನ್ನು ಅಡುಗೆಮನೆಗೆ ತರುವ ಮೊದಲು ಕೊಳವೆಬಾವಿಯ ನೀರಿನೊಂದಿಗೆ ಹೋಲಿಸಿ ಪರೀಕ್ಷಿಸಿದೆ. ಹೆಚ್ಚಾದರೆ ಹಲ್ಲು, ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಎಂಬ ಲವಣಾಂಶವನ್ನು ಪತ್ತೆಹಚ್ಚುವ ಕಿಟ್ಟಿನ ದ್ರಾವಣವನ್ನು ಬೆರೆಸಿದಾಗ ಮಳೆನೀರು ಗುಲಾಬಿಯಾಗಿಯೇ ಉಳಿಯಿತು. ಕೊಳವೆಬಾವಿಯ ನೀರು ಮಾತ್ರ ನೋಡುನೋಡುತ್ತಿದ್ದಂತೆ ಹಳದಿಗೆ ತಿರುಗಿ, ಬಣ್ಣದ ಪಟ್ಟಿಯಲ್ಲಿ ಲೀಟರಿಗೆ 2 ಮಿ.ಗ್ರಾಂ. ಗುರುತಿಗೆ ಹೊಂದಿತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಒಪ್ಪುವುದು ಲೀಟರಿಗೆ 1 ಮಿ.ಗ್ರಾಂ. ಅನ್ನು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ.

ಪಕ್ಕದ ಮನೆಯ ಅಜ್ಜಿ ಶೀಷೆಯನ್ನು ಬೆಳಕಿಗೆ ಹಿಡಿದು, "ಕುದಿಸಿ ಕುಡಿದರೆ ಹೋಗಲ್ವೇನಪ್ಪಾ?" ಎಂದು ಕೇಳಿದರು. ಊರಿನಲ್ಲಿ ಬಹುತೇಕರ ನಂಬಿಕೆಯೂ ಇದೇ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಸಾಂದ್ರವಾಗುತ್ತದೆ. ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳಿಗೆ ಇಂಥ ನೀರು ಕುಡಿಸುವುದನ್ನು ಹೇಗಾದರೂ ತಪ್ಪಿಸಲೇಬೇಕು ಎಂಬುದೇ ಈ ತೊಟ್ಟಿಯನ್ನು ಕಟ್ಟಿಸಲು ಕಾರಣ.

ಆದರೆ ಮಳೆನೀರಿನ ತೊಡಕು ಬೇರೆಯದು. ಸೂಕ್ಷ್ಮಾಣು ಪರೀಕ್ಷೆಯ ಎಚ್‌ಟುಎಸ್ ಶೀಷೆಯಲ್ಲಿ ತೊಟ್ಟಿಯ ನೀರನ್ನು ತುಂಬಿಸಿ ಬೆಚ್ಚಗಿನ ಕಡೆ ಇಟ್ಟಿದ್ದೆ. ಮರುದಿನಕ್ಕೆ ಅದು ಮಸಿಯಂತೆ ಕಪ್ಪಾಗಿತ್ತು, ಎಂದರೆ ಮಲಮೂಲದ ಸೂಕ್ಷ್ಮಾಣು ಸೇರಿರುವ ಸಂಭವ ಹೆಚ್ಚು. ತಾರಸಿಯ ಮೇಲೆ ಪಾರಿವಾಳಗಳು ಕೂರುವುದರಿಂದ ಇದು ಅನಿರೀಕ್ಷಿತವಲ್ಲ. 1,000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ 12.5 ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ತೊಟ್ಟಿಗೆ ಬೆರೆಸಿ ಒಂದು ಗಂಟೆ ಬಿಟ್ಟೆ. ಬಳಿಕ ಕ್ಲೋರಿನ್ ಪ್ರಮಾಣವನ್ನು ಬಣ್ಣದಿಂದ ತೋರಿಸುವ ಕ್ಲೋರೋಸ್ಕೋಪಿನಲ್ಲಿ ತೆಳು ಹಳದಿ ಬಂದು, ನೀರಿನಲ್ಲಿ ಇನ್ನೂ ಉಳಿದಿರುವ ಕ್ಲೋರಿನ್ (ಉಳಿಕೆ ಕ್ಲೋರಿನ್) ಲೀಟರಿಗೆ ಅಗತ್ಯವಿರುವ 0.2 ಮಿ.ಗ್ರಾಂ.ಗಿಂತ ಮೇಲಿರುವುದು ಖಚಿತವಾಯಿತು. ಈ ನೀರು ತುಂಬಿಸಿದ ಎರಡನೆಯ ಎಚ್‌ಟುಎಸ್ ಶೀಷೆ 48 ಗಂಟೆ ಕಳೆದರೂ ಕಪ್ಪಾಗಲಿಲ್ಲ. ಉಳಿಕೆ ಕ್ಲೋರಿನ್ ದಿನಗಳೆದಂತೆ ಕುಂದುವುದರಿಂದ ಈ ಪರೀಕ್ಷೆಯನ್ನು ಆಗಾಗ ಮಾಡುತ್ತಿರಬೇಕು.

ನೀರು ಸಾಲುವುದೇ ಎಂಬ ಪ್ರಶ್ನೆಗೂ ಲೆಕ್ಕ ಹಾಕಿದ್ದೇನೆ. 60 ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 500 ಮಿ.ಮೀ. ಬಿದ್ದು, ಅದರಲ್ಲಿ ಐದನೇ ಒಂದು ಭಾಗ ವ್ಯರ್ಥವಾದರೂ 24,000 ಲೀಟರ್ ದಕ್ಕುತ್ತದೆ; ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ 10 ಲೀಟರಿನಂತೆ ಐದು ಜನರಿಗೆ ಬೇಕಾದದ್ದು 18,250 ಲೀಟರ್. ಸ್ನಾನ, ಪಾತ್ರೆ, ಬಟ್ಟೆಗೆ ಕೊಳವೆಬಾವಿಯ ನೀರೇ ಸಾಕು.

ಮೊದಲ ಮಳೆಯ ಕೊಳೆಯನ್ನು ಹೊರಹಾಕಲು ಈಗಿರುವ ನಾಲ್ಕಿಂಚಿನ ಪೈಪಿನಲ್ಲಿ 25 ಲೀಟರ್ ಕೂಡ ಹಿಡಿಯುವುದಿಲ್ಲ. ತಾರಸಿಯ ಮೇಲಿನ ಮೊದಲ ಒಂದು ಮಿ.ಮೀ. ಮಳೆಯೇ 60 ಲೀಟರ್ ಆಗುವುದರಿಂದ, ಹಸ್ತ ಮಳೆ ಹಿಡಿಯುವುದರೊಳಗೆ ಅಷ್ಟು ಹಿಡಿಯುವ ಡ್ರಮ್ಮೊಂದನ್ನು ಜೋಡಿಸಿ, ಬುಡಕ್ಕೆ ನಲ್ಲಿ ಕೂರಿಸಬೇಕಾಗಿದೆ.