ಕಾಣಬಾರದು ಅಂತ ಹಿಂದೆ ಹಾಕಿದ ಸ್ವಿಚ್

"ಸ್ವಿಚ್ ಎಲ್ಲಿದೆ ಅಮ್ಮಾ?"

"ಓವನ್ ಹಿಂದೆ ಕಣಪ್ಪ. ಕಾಣಬಾರದು ಅಂತ ಅಲ್ಲೇ ಹಾಕಿದ್ರು."

ಮಂಗಳವಾರದಿಂದ ಈ ಮಾತು ಕಿವಿ ಬಿಟ್ಟು ಹೋಗಿಲ್ಲ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟು. ಎಪ್ಪತ್ತು ದಾಟಿದ, ಮಂಡಿ ನೋವಿರುವ ಹೆಂಗಸು. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದ ಕೂಡಲೇ ಓವನ್ ಗುಂಡಿಯನ್ನು ಸೊನ್ನೆಗೆ ತಿರುಗಿಸಿದ್ದಾರೆ. ಗಡಿಯಾರ ಮಾತ್ರ ಉರಿಯುತ್ತಲೇ ಇದೆ. ಕರಗುತ್ತಿದ್ದ ಪ್ಲಗ್‌ನಲ್ಲಿ 230 ವೋಲ್ಟ್ ಇನ್ನೂ ಇದೆ ಎಂದು ಅವರಿಗೆ ಅಷ್ಟರಿಂದಲೇ ಹೊಳೆದಿದೆ. ಸ್ಟೂಲ್ ಹತ್ತಿ, ಬಾಗಿಲ ಮೇಲಿನ ಪೆಟ್ಟಿಗೆಯಲ್ಲಿ ಓವನಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಯಾವುದೆಂದು ತಿಳಿಯದೆ ಮೇನ್ ಅನ್ನೇ ಇಳಿಸಿದ್ದಾರೆ. ಒಂದಕ್ಕೂ ಹೆಸರು ಬರೆದಿರಲಿಲ್ಲ. ಎಷ್ಟು ಚುರುಕು ಬುದ್ಧಿ! ಆದರೆ ಆ ಮಂಡಿಯಲ್ಲಿ ಸ್ಟೂಲ್ ಹತ್ತಬೇಕಾಗಿ ಬರಬಾರದಿತ್ತು.

"ಎಂಸಿಬಿ ಇತ್ತಲ್ಲ, ಯಾಕೆ ಬೀಳಲಿಲ್ಲ?" ಎಂದು ಮಗ ಫೋನಿನಲ್ಲಿ ಕೇಳಿದರು. ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. 3 ಕಿಲೋವ್ಯಾಟ್ ಓವನ್ 230 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 13 ಆಂಪಿಯರ್. ಸಾಕೆಟ್ಟಿನ ಹಿಡಿತ ಸಡಿಲವಾಗಿ ಪ್ಲಗ್ ಪಿನ್ನಿನ ಬಳಿ ಅರ್ಧ ಓಮ್ ತಡೆ ಹುಟ್ಟಿದರೆ ಅಷ್ಟರಲ್ಲೇ ಸುಮಾರು 80 ವ್ಯಾಟ್ ಶಾಖ. 25 ವ್ಯಾಟಿನ ಮೂರು ಸೋಲ್ಡರಿಂಗ್ ಐರನ್‌ಗಿಂತ ಹೆಚ್ಚು. ಕರೆಂಟ್ ಹೆಚ್ಚಾಗಿಲ್ಲ, ಹಾಗಾಗಿ ಎಂಸಿಬಿ ಬೀಳದು. ಅರ್ಥ್‌ಗೆ ಸೋರಿಲ್ಲ, ಹಾಗಾಗಿ ಸೋರಿಕೆ ಕಂಡರೆ ಕರೆಂಟ್ ಕಡಿಯುವ ಆರ್‌ಸಿಸಿಬಿಯೂ ಬೀಳದು. ಈ ಬೆಂಕಿಯನ್ನು ಮೊದಲು ಹಿಡಿಯುವುದು ಮೂಗು, ನಿಲ್ಲಿಸುವುದು ಕೈ. ಆ ಕೈಗೆ ಸ್ವಿಚ್ ಎಟುಕಬೇಕು.

ಓವನ್ ಹೊರಗೆಳೆದಾಗ ಕಂಡಿದ್ದು: ಗೋಡೆಗೂ ಓವನಿಗೂ ನಡುವೆ ಒತ್ತಿಕೊಂಡ 16 ಆಂಪಿಯರ್ ಪ್ಲಗ್, ಒಂದು ಪಿನ್ನಿನ ಸುತ್ತ ಬೆಲ್ಲದ ಪಾಕದ ಬಣ್ಣ, ಸಾಕೆಟ್ಟಿನ ತೂತು ಮೊಟ್ಟೆಯಾಕಾರ.

ಕಾಣಬಾರದು ಅಂತ! ಅಡುಗೆಮನೆ ಕಟ್ಟಿಕೊಟ್ಟವರ ಮರದ ಕೆಲಸ ನಿಜಕ್ಕೂ ಅಚ್ಚುಕಟ್ಟು. ಆದರೆ ಗೋಡೆ ಅಂದವಾಗಿ ಕಾಣಲೆಂದು ಸ್ವಿಚ್ ಬಚ್ಚಿಡುವುದನ್ನು ಒಪ್ಪಲು ನನ್ನಿಂದಾಗದು.

ಹೊಸದಾಗಿ ಮಾಡಿದ್ದು ಇಷ್ಟು. ಪೆಟ್ಟಿಗೆಯಿಂದ ಓವನಿಗೆ ಮಾತ್ರ ಬೇರೆ ಲೈನು, 4 ಚದರ ಮಿಲಿಮೀಟರ್ ತಾಮ್ರದ ವೈರು, 20 ಆಂಪಿಯರ್ ಎಂಸಿಬಿ, ಮೇಲೆ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಓವನಿನ ಪಕ್ಕದ ಗೋಡೆಯಲ್ಲಿ, ಕಟ್ಟೆಯಿಂದ ಒಂದು ಗೇಣು ಮೇಲೆ, ನೆಲದಿಂದ ಸುಮಾರು 1 ಮೀಟರ್ ಎತ್ತರದಲ್ಲಿ 20 ಆಂಪಿಯರ್ ಡಿಪಿ (ಡಬಲ್ ಪೋಲ್) ಸ್ವಿಚ್. ಒಲೆಯ ನೇರ ಮೇಲೆ ಬೇಡವೇ ಬೇಡ. ಬೆಂಕಿ ದಾಟಿ ಕೈ ಚಾಚಬೇಕಾಗುತ್ತದೆ. ಒಲೆಯಿಂದಲೂ ಸಿಂಕ್‌ನಿಂದಲೂ ಒಂದಡಿ ಪಕ್ಕಕ್ಕಿರಲಿ.

ಡಿಪಿಯೇ ಏಕೆಂದರೆ ಅದು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ. ಹಳೆಯ ವೈರಿಂಗ್‌ನಲ್ಲಿ ಇವೆರಡು ಅದಲುಬದಲಾಗಿದ್ದರೆ, ಒಂದನ್ನೇ ಕಡಿಯುವ ಸ್ವಿಚ್ ಆಫ್ ಮಾಡಿದರೂ ಓವನ್ ಬಿಸಿಮಾಡುವ ಕಾಯಿಲ್‌ನಲ್ಲಿ ಫೇಸ್ ಉಳಿಯುತ್ತದೆ. ಇನ್ನೊಂದು ಕಾರಣವೂ ಉಂಟು. ಬಹಳ ದಿನ ಬಳಸದ ಕಾಯಿಲ್ ತೇವ ಹೀರಿ ನ್ಯೂಟ್ರಲ್ ಅರ್ಥ್‌ಗೆ ಸೋರಿದರೆ, ಓವನ್ ಆರಿಸಿದ್ದರೂ ಆರ್‌ಸಿಸಿಬಿ ಬೀಳಬಹುದು. ಆಗ ಡಿಪಿ ಆಫ್ ಮಾಡಿದರೆ ಮನೆಯ ಉಳಿದ ಭಾಗಕ್ಕೆ ಕರೆಂಟ್ ಸಿಗುತ್ತದೆ. ಸ್ವಿಚ್ಚಿನ ಕೆಂಪು ದೀಪ ಆರಿತೆಂದು ಮಾತ್ರ ಯಾರೂ ವೈರ್ ಮುಟ್ಟಬೇಡಿ. ದೀಪವೇ ಕೆಟ್ಟಿರಬಹುದು. ವೋಲ್ಟ್ ಅಳೆಯುವ ಮೀಟರನ್ನು ಮೊದಲು ಕರೆಂಟ್ ಇರುವ ಕಡೆ ಪರೀಕ್ಷಿಸಿ, ಆಮೇಲೆ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರನ್ನೂ ಅಳೆಯಿರಿ.

ಸ್ವಿಚ್ಚಿಗೂ ಎಂಸಿಬಿಗೂ 'ಓವನ್' ಎಂದು ದಪ್ಪಕ್ಷರದ ಚೀಟಿ ಅಂಟಿಸಿದ್ದಾಯಿತು. ಅವರು ಕುರ್ಚಿಯಲ್ಲಿ ಕೂತೇ ಕೈ ಚಾಚಿ ಒತ್ತಿದರು. ಓವನಿನ ಗಡಿಯಾರ ಆರಿತು.

"ಇಷ್ಟೇನಾ?" ಅಂದರು.